ಕಬ್ಬಿನ ಹೊಲದಲ್ಲಿ ಮರಿ ಸಿಕ್ಕರೆ: ಊರ ಹುಡುಗರಿಗೆ ಮೊದಲು ಏನು ಕಲಿಸಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಹದಿನೆಂಟು ದಿನದ ಹಿಂದೆ ನಮ್ಮ ಕಾಕಾನ ಹೊಲದಲ್ಲಿ ಕಬ್ಬು ಕಡಿಯುವಾಗ ಮೂರು ಮರಿ ಸಿಕ್ಕವು. ಆಗಷ್ಟೇ ಕಣ್ಣು ಬಿಟ್ಟಿದ್ದವು. ಚಿರತೆ ಮರಿ ಅಂತ ಗದ್ದಲವಾಯಿತು. ಯಾರಾದರೂ ಬಡಿದು ಹಾಕುತ್ತಾರೆ ಎಂದು ಹೆದರಿ ಬುಟ್ಟಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಎಮ್ಮೆ ಹಾಲಿಗೆ ನೀರು ಬೆರೆಸಿ ಸಿರಿಂಜಿನಲ್ಲಿ ಕುಡಿಸಿದೆ. ನಾಲ್ಕು ದಿನದೊಳಗೆ ಎರಡು ಸತ್ತವು. ಒಂದು ಉಳಿದಿದೆ, ಚುರುಕಾಗಿದೆ. ಈಗ ನೋಡಿದರೆ ಕಾಡುಬೆಕ್ಕಿನ ಮರಿ ಅನಿಸುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ವಾಪಸ್ ಇಡಲಿಲ್ಲ. ಅರಣ್ಯ ಇಲಾಖೆಗೆ ಹೇಳಿದರೆ ಕೇಸು ಹಾಕುತ್ತಾರೆ ಅಂತ ಮನೆಯವರಿಗೆ ಹೆದರಿಕೆ. ನಮ್ಮ ಊರಲ್ಲಿ ಇದು ಹೊಸದಲ್ಲ. ಹೋದ ವರ್ಷ ಚಿಗರಿ ಮರಿ ಸಿಕ್ಕಿತ್ತು, ಅದರ ಹಿಂದಿನ ವರ್ಷ ನವಿಲಿನ ಮೊಟ್ಟೆ. ಹತ್ತು ಹುಡುಗರು ತಯಾರಿದ್ದಾರೆ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಸಣ್ಣ ಆರೈಕೆ ಕೇಂದ್ರ ಮಾಡೋಣ ಅಂತಿದ್ದೇವೆ. ತರಬೇತಿ ಎಲ್ಲಿ ಸಿಗುತ್ತದೆ? ಏನು ಕಲಿಯಬೇಕು? ಹೆಸರು, ಊರು ಹಾಕಬೇಡಿ.

ಉತ್ತರ: ಮಾಸ್ತರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಮಾತು ಒಟ್ಟಿಗೆ ಸಿಕ್ಕಿಕೊಂಡಿವೆ. ಎರಡು ಮರಿ ನನ್ನ ಕೈಯಲ್ಲಿ ಸತ್ತವಲ್ಲ ಅನ್ನುವ ನೋವು ಒಂದು. ಉಳಿದ ಮರಿಯ ವಿಷಯ ಹೊರಗೆ ಬಂದರೆ ಏನಾಗುತ್ತದೋ ಅನ್ನುವ ಭಯ ಇನ್ನೊಂದು. ಮೂರನೆಯದು ಹತ್ತು ಹುಡುಗರ ಉತ್ಸಾಹ. ನಾನು ಈ ಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಶುವೈದ್ಯೆಯಾಗಿ ಕೆಲಸ ಮಾಡಿದ್ದೇನೆ. ದನ, ಎಮ್ಮೆ, ಕುರಿಗಳ ನಡುವೆ ಚೀಲದಲ್ಲಿ, ಬುಟ್ಟಿಯಲ್ಲಿ, ಒಮ್ಮೆ ಹಾಲಿನ ಕ್ಯಾನಿನಲ್ಲಿ ಕೂಡ ಕಾಡುಪ್ರಾಣಿಗಳನ್ನು ತಂದುಕೊಟ್ಟಿದ್ದಾರೆ. ತಂದವರಲ್ಲಿ ಹೆಚ್ಚಿನವರು ನಿಮ್ಮಂಥವರೇ. ಮನಸ್ಸು ಒಳ್ಳೆಯದು, ಏನು ಮಾಡಬೇಕು ಅಂತ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಮೊದಲು ಆ ನಂಬಿಕೆಯ ವಿಷಯ. ಮನುಷ್ಯನ ವಾಸನೆ ತಗುಲಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದು ನಿಜವಲ್ಲ. ಹಕ್ಕಿಗಳು ಮರಿಯನ್ನು ಗುರುತಿಸುವುದು ಹೆಚ್ಚಾಗಿ ಕಣ್ಣು ಕಿವಿಯಿಂದ. ಗೂಡಿನಿಂದ ಬಿದ್ದ ಮರಿಯನ್ನು ಕೈಯಿಂದ ಎತ್ತಿ ಗೂಡಿಗೆ ಇಟ್ಟರೆ ಅವು ಎಂದಿನಂತೆ ಗುಟುಕು ಕೊಡುತ್ತವೆ. ಬೆಕ್ಕಿನ ಜಾತಿಯ ಪ್ರಾಣಿಗಳ ಮೂಗು ಚುರುಕು, ನಿಮ್ಮ ವಾಸನೆ ಅವಕ್ಕೆ ಗೊತ್ತಾಗುತ್ತದೆ. ಆದರೂ ಮರಿ ಬೇಕು ಅನ್ನುವ ಸೆಳೆತ ಅದಕ್ಕಿಂತ ದೊಡ್ಡದು. ತಾಯಿ ಬರದೆ ಇರುವುದಕ್ಕೆ ಕಾರಣ ಬೇರೆ ಇರುತ್ತದೆ. ಹೊಲದ ಸುತ್ತ ಜನ ನಿಂತಿರುತ್ತಾರೆ, ನಾಯಿ ಬೊಗಳುತ್ತಿರುತ್ತವೆ, ಟ್ರ್ಯಾಕ್ಟರ್ ಓಡಾಡುತ್ತಿರುತ್ತದೆ. ಇಲ್ಲವೇ ಮರಿಯೇ ಅಲ್ಲಿರುವುದಿಲ್ಲ, ಯಾರದೋ ಮನೆ ಸೇರಿರುತ್ತದೆ.

ಜಮಖಂಡಿ ಕಡೆ ಕೃಷ್ಣಾ ದಂಡೆಯ ಒಂದು ಹೊಲದಲ್ಲಿ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಅಲ್ಲೂ ಹೀಗೇ ಕಾಡುಬೆಕ್ಕಿನ ಎರಡು ಮರಿ ಸಿಕ್ಕಿದ್ದವು. ಮಧ್ಯಾಹ್ನದ ಹೊತ್ತಿಗೆ ಕನಿಷ್ಠ ಹದಿನೈದು ಜನ ಅವನ್ನು ಕೈಯಿಂದ ಕೈಗೆ ದಾಟಿಸಿದ್ದರು. ಸಂಜೆ ಆರಕ್ಕೆ ಅವನ್ನು ಒಂದು ತಗ್ಗು ಬುಟ್ಟಿಯಲ್ಲಿ ಹಾಕಿ, ಕೆಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಸಿಕ್ಕ ಜಾಗದಲ್ಲೇ ರವದಿಯ (ಕಬ್ಬಿನ ಒಣ ಎಲೆಯ) ಮರೆಯಲ್ಲಿ ಬಿಟ್ಟೆವು. ನಾನು, ಒಬ್ಬ ಅರಣ್ಯ ರಕ್ಷಕ, ಹೊಲದ ಯಜಮಾನ ಮೂವರೂ ನೂರು ಮೀಟರ್ ದೂರದ ಟ್ರಾಲಿಯಲ್ಲಿ ಮಾತಾಡದೆ ಕೂತೆವು. ಏಳೂಕಾಲರ ಸುಮಾರಿಗೆ ಬದುವಿನ ಮೇಲೆ ತಾಯಿ ಬಂತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಕಿವಿ ತಿರುಗಿಸುವುದು. ಬುಟ್ಟಿಯ ಅಂಚನ್ನು ಬಹಳ ಹೊತ್ತು ಮೂಸಿತು. ಆಮೇಲೆ ಒಂದು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿಕೊಂಡು ಹಳ್ಳದ ಕಡೆ ಹೋಯಿತು. ನಲವತ್ತು ನಿಮಿಷವಾದ ಮೇಲೆ ಎರಡನೆಯದಕ್ಕೆ ಬಂತು. ಯಜಮಾನರು ಬೀಡಿ ಹಚ್ಚಲು ಕಡ್ಡಿ ಗೀರಲಿಲ್ಲ, ಅಷ್ಟು ಹೊತ್ತೂ ಬೀಡಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ಕಬ್ಬಿನಲ್ಲೇ ಯಾಕೆ ಮರಿ ಸಿಗುತ್ತವೆ ಅನ್ನುವುದನ್ನೂ ಹುಡುಗರು ತಿಳಿದಿರಬೇಕು. ನಮ್ಮ ಕಡೆ ದಟ್ಟ ಕಾಡಿಲ್ಲ. ಖಾನಾಪುರದ ಭೀಮಗಡ ಬಿಟ್ಟರೆ ಉಳಿದದ್ದೆಲ್ಲ ಕುರುಚಲು ಗುಡ್ಡ, ಎರೆ ಹೊಲ, ನದಿ ದಂಡೆ. ವರ್ಷದ ಹತ್ತು ಹನ್ನೆರಡು ತಿಂಗಳು ಯಾರೂ ಒಳಗೆ ಹೋಗದ, ಇಲಿ ತುಂಬಿದ, ನೀರು ಹತ್ತಿರವಿರುವ ಜಾಗ ಕಬ್ಬೇ. ಕಾಡುಬೆಕ್ಕಿಗೆ, ನರಿಗೆ, ಮೊಲಕ್ಕೆ ಅದಕ್ಕಿಂತ ಒಳ್ಳೆಯ ಬಾಣಂತನದ ಮನೆ ಇಲ್ಲ. ಕಟಾವು ಹೊರ ಅಂಚಿನಿಂದ ಒಳಗೆ ಬರುತ್ತದೆ. ತಾಯಿ ಒಳಕ್ಕೆ ಒಳಕ್ಕೆ ಸರಿಯುತ್ತದೆ. ಕೊನೆಯ ಸಾಲುಗಳಲ್ಲಿ ಅದು ಓಡಿಹೋಗುತ್ತದೆ, ಮರಿಗಳು ಕೈಗೆ ಸಿಗುತ್ತವೆ. ಅಂದರೆ ನಿಮಗೆ ಸಿಕ್ಕವು ಅನಾಥ ಮರಿಗಳಲ್ಲ. ತಾಯಿ ಅಲ್ಲೇ ಎಲ್ಲೋ ಪಕ್ಕದ ಹೊಲದಲ್ಲಿ ಕತ್ತಲಾಗುವುದನ್ನು ಕಾಯುತ್ತಿರುತ್ತದೆ. ಕಟಾವು ಮುಗಿದ ರಾತ್ರಿಯೇ ರವದಿಗೆ ಬೆಂಕಿ ಹಾಕುವ ರೂಢಿ ಇದೆಯಲ್ಲ, ಅದನ್ನು ಎರಡು ದಿನ ಮುಂದಕ್ಕೆ ಹಾಕಿಸಿದರೂ ಎಷ್ಟೋ ಮರಿ ಉಳಿಯುತ್ತವೆ. ಸುಟ್ಟ ಮರಿಗಳನ್ನು ನಾನು ನೋಡಿದ್ದೇನೆ. ಅವುಗಳಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಚಿರತೆಯೋ ಕಾಡುಬೆಕ್ಕೋ ಅನ್ನುವ ಗೊಂದಲ ಪ್ರತಿ ಹಂಗಾಮಿನಲ್ಲೂ ಇದ್ದದ್ದೇ. 2022ರಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಹತ್ತಿರ ಚಿರತೆ ಕಂಡ ಮೇಲಂತೂ ಜನ ಎಲ್ಲ ಮರಿಯನ್ನೂ ಅನುಮಾನದಿಂದ ನೋಡತೊಡಗಿದರು. ಹುಟ್ಟಿದ ಕಾಡುಬೆಕ್ಕಿನ ಮರಿ ಎರಡು ಕೋಳಿಮೊಟ್ಟೆಯಷ್ಟು ತೂಗುತ್ತದೆ. ಚಿರತೆ ಮರಿ ಅರ್ಧ ಕಿಲೋ ಇರುತ್ತದೆ. ಕಾಡುಬೆಕ್ಕಿನ ಮರಿಗೆ ಮಾಸಲು ಕಂದು ಮೈ ಮೇಲೆ ಮಬ್ಬಾದ ಪಟ್ಟೆ, ಸಣ್ಣ ಕಾಲು, ಗಿಡ್ಡ ಬಾಲ. ದೊಡ್ಡದಾದಂತೆ ಮೈಯ ಪಟ್ಟೆ ಮಾಸುತ್ತವೆ, ಕಿವಿ ಚೂಪಾಗುತ್ತದೆ. ಚಿರತೆ ಮರಿಯ ಮೈತುಂಬ ಒತ್ತಾದ ಕಪ್ಪು ಚುಕ್ಕಿ, ದುಂಡು ಕಿವಿ, ದಪ್ಪ ಪಾದ, ಉದ್ದ ಬಾಲ. ಅನುಮಾನ ಇದ್ದರೆ ಚಿರತೆ ಎಂದೇ ತಿಳಿದು ಎಲ್ಲರೂ ಹೊಲದಿಂದ ಹೊರಗೆ ಬನ್ನಿ, ಇಲಾಖೆಗೆ ಫೋನ್ ಮಾಡಿ. ತಾಯಿ ಚಿರತೆ ಹತ್ತಿರದಲ್ಲೇ ಇರುತ್ತದೆ. ಆ ಕೆಲಸ ನಿಮ್ಮ ಹುಡುಗರದ್ದಲ್ಲ. ಚಿರತೆ ಮರಿಗೂ ಬುಟ್ಟಿ ಇಟ್ಟು ತಾಯಿ ಬರುವುದನ್ನು ಕಾಯುವುದೇ ದಾರಿ. ಪುಣೆ ಜಿಲ್ಲೆಯ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಎಷ್ಟೋ ಚಿರತೆ ಮರಿಗಳನ್ನು ಹೀಗೆ ತಾಯಿಗೆ ಸೇರಿಸಿದ್ದಾರೆ. ಆದರೆ ಕಾಯುವವರು ಇಲಾಖೆಯ ತರಬೇತಾದ ಜನ, ಅವರ ಜೊತೆಗೆ ಕ್ಯಾಮೆರಾ ಇರುತ್ತದೆ.

ಈಗ ಸತ್ತ ಎರಡು ಮರಿಗಳ ವಿಷಯ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಹುಡುಗರಿಗೆ ಕಲಿಸುವಾಗ ನಿಮಗೆ ಬೇಕಾಗುತ್ತದೆ. ಎಮ್ಮೆ ಹಾಲು ಹೊಂದಲಿಲ್ಲ ಅನ್ನುವುದು ಕಾರಣದ ಒಂದು ಪಾಲು ಮಾತ್ರ. ಪ್ರತಿ ಪ್ರಾಣಿಯ ಹಾಲೂ ಬೇರೆ. ಬೆಕ್ಕಿನ ಹಾಲಿನಲ್ಲಿ ಪ್ರೊಟೀನ್ ಆಕಳ ಹಾಲಿಗಿಂತ ಬಹಳ ಜಾಸ್ತಿ. ಮೊಲದ ಹಾಲಿನಲ್ಲಿ ಕೊಬ್ಬು, ಪ್ರೊಟೀನ್ ಎರಡೂ ಆಕಳ ಹಾಲಿನ ಹಲವು ಪಟ್ಟು, ಹಾಲಿನ ಸಕ್ಕರೆ ಮಾತ್ರ ಕಡಿಮೆ. ನಮ್ಮ ಮನೆಯ ಹಾಲಿನಿಂದ ಇವಕ್ಕೆ ಹೊಟ್ಟೆ ಕೆಡುತ್ತದೆ. ನೀರು ಬೆರೆಸಿದರೆ ಶಕ್ತಿ ಇನ್ನೂ ಕಡಿಮೆಯಾಗುತ್ತದೆ. ಆದರೆ ನಾಲ್ಕು ದಿನದೊಳಗೆ ಸತ್ತವು ಅಂದರೆ ನನಗೆ ಮೊದಲು ನೆನಪಾಗುವುದು ಚಳಿ ಮತ್ತು ಸಿರಿಂಜು.

ಅಷ್ಟು ಸಣ್ಣ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಆಗುವುದಿಲ್ಲ. ತಾಯಿಯ ಹೊಟ್ಟೆಯ ಕಾವೇ ಅದರ ಹೊದಿಕೆ. ಕಟಾವಿನ ಹಂಗಾಮು ಅಂದರೆ ನಮ್ಮಲ್ಲಿ ಚಳಿಗಾಲದ ರಾತ್ರಿ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಅಲ್ಲೇ ಕೆಡುತ್ತದೆ. ಆದ್ದರಿಂದ ನಾವು ಕಲಿಸುವ ಕ್ರಮ ಇದು: ಮೊದಲು ಕಾವು, ಆಮೇಲೆ ನೀರಿನಂಶ, ಕೊನೆಗೆ ಆಹಾರ. ತಣ್ಣಗಿರುವ ಮರಿಗೆ ಎಷ್ಟೇ ಹಸಿವಾಗಿದ್ದರೂ ಹಾಲು ಹಾಕಬಾರದು. ಇನ್ನು ಸಿರಿಂಜು. ನಾವು ಕೂಸಿಗೆ ಹಾಲು ಕುಡಿಸುವ ಹಾಗೆ ಮರಿಯನ್ನು ಅಂಗಾತ ಮಲಗಿಸಿ, ಬಾಯಿಗೆ ಒತ್ತಿ ಹಾಕುತ್ತೇವೆ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಬಂದಿತ್ತಾ, ಉಸಿರಾಡುವಾಗ ಗೊರಗೊರ ಅನ್ನುತ್ತಿತ್ತಾ ನೆನಪು ಮಾಡಿಕೊಳ್ಳಿ. ಮರಿ ಹೊಟ್ಟೆಯ ಮೇಲೆಯೇ ಮಲಗಿರಬೇಕು, ತಲೆ ಸ್ವಲ್ಪ ಮೇಲಿರಬೇಕು, ತಾನೇ ಚೀಪಬೇಕು. ಇನ್ನೊಂದು ಸಣ್ಣ ಸಂಗತಿ ಇದೆ, ಗೊತ್ತಿಲ್ಲದೆ ಬಹಳ ಮರಿ ಸಾಯುತ್ತವೆ. ಎಳೆ ಮರಿಗೆ ತಾನಾಗಿ ಮೂತ್ರ, ಮಲ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನಾವು ಪ್ರತಿ ಸಲ ಹಾಲಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಮಾಡಿಸಬೇಕು.

ಹಕ್ಕಿಗಳಿಗೆ ಬಾಯಿಗೆ ನೀರು ಬಿಡುವುದಂತೂ ಬೇಡವೇ ಬೇಡ. ಬಾಯಿ ತೆರೆದು ನೋಡಿ, ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಉಸಿರಿನ ದಾರಿ. ವಿಜಯಪುರದ ಹಳೇ ಕಟ್ಟಡಗಳಿಂದ ಬಿದ್ದ ಗೂಬೆ ಮರಿಗಳನ್ನು, ಬೇಸಿಗೆಯ ಬಿಸಿಲಿಗೆ ಕುಸಿದ ಹದ್ದುಗಳನ್ನು ತಂದವರು ಬಾಟಲಿಯ ಮುಚ್ಚಳದಲ್ಲಿ ನೀರು ಕುಡಿಸಿಯೇ ತಂದಿರುತ್ತಾರೆ. ಪಾಪ, ಬಾಯಾರಿದ್ದಕ್ಕೆ ನೀರು ಕೊಟ್ಟೆವು ಅನ್ನುತ್ತಾರೆ. ಆ ಹಕ್ಕಿ ನೀರಿನಲ್ಲಿ ಮುಳುಗಿದಂತೆ ಆಗಿರುತ್ತದೆ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಕತ್ತಲಲ್ಲಿ, ಸದ್ದಿಲ್ಲದ ತಂಪು ಜಾಗದಲ್ಲಿ ಇಟ್ಟರೆ ಸಾಕು. ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಎರಡೂ ಕಡೆ ಕತ್ತರಿಸಿ, ರೆಕ್ಕೆಯನ್ನು ಮೈಗೆ ಸೇರಿಸಿ ಬಟ್ಟೆ ಸುತ್ತಿ, ದಾರದ ಸಮೇತ ತನ್ನಿ.

ಚಿಗರಿ ಮರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಸೀಮೆಗೆ ಅದೇ ಮುಖ್ಯ. ಮುಧೋಳ, ಬೀಳಗಿ ಭಾಗದಲ್ಲಿ ಯಡಹಳ್ಳಿಯ ಚಿಂಕಾರ ಧಾಮ ಇದೆ. ಚಿಂಕಾರ, ಕೃಷ್ಣಮೃಗ ಎರಡನ್ನೂ ಜನ ಚಿಗರಿ ಅಂತಲೇ ಕರೆಯುತ್ತಾರೆ. ಎರಡರ ಮರಿಯೂ ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ, ಬೆಳೆಯಲ್ಲಿ ಕತ್ತು ಚಾಚಿ, ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಿರುತ್ತದೆ, ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಡುತ್ತದೆ. ಹತ್ತಿರವೇ ಇದ್ದರೆ ತೋಳ, ನಾಯಿಗಳಿಗೆ ಮರಿ ಎಲ್ಲಿದೆ ಅಂತ ತೋರಿಸಿದ ಹಾಗೆ, ಅಲ್ವಾ? ಮೊಲವೂ ಅಷ್ಟೇ, ದಿನದಲ್ಲಿ ಹೆಚ್ಚಾಗಿ ಒಂದೇ ಸಲ, ಕತ್ತಲಾದ ಮೇಲೆ ಹಾಲು ಕೊಡುತ್ತದೆ. ಒಂಟಿಯಾಗಿ ಮಲಗಿದ ಮರಿಯನ್ನು ಕಂಡು ತಾಯಿ ಬಿಟ್ಟುಹೋಗಿದೆ ಅಂತ ಎತ್ತಿ ತರುವುದೇ ಅದನ್ನು ಅನಾಥ ಮಾಡುವುದು. ಗಾಯ ಇಲ್ಲ, ಮೈಮೇಲೆ ನೊಣ ಮುತ್ತಿಲ್ಲ, ಪಕ್ಕದಲ್ಲಿ ಸತ್ತ ತಾಯಿ ಇಲ್ಲ ಅಂದರೆ ಅದನ್ನು ಅಲ್ಲೇ ಬಿಡಿ, ನಾಯಿಗಳನ್ನು ದೂರ ಇಡಿ.

ದೊಡ್ಡ ಚಿಗರಿಯನ್ನು ಹಿಡಿಯುವುದರಲ್ಲಿ ಇನ್ನೊಂದು ಅಪಾಯ ಇದೆ. ಕೆಲವು ವರ್ಷದ ಹಿಂದೆ ಬೀಳಗಿ ಕಡೆಯ ಹುಡುಗರು ನಾಯಿ ಅಟ್ಟಿದ ಒಂದು ಚಿಂಕಾರವನ್ನು ಬಿಡಿಸಿಕೊಂಡು ಬಂದರು. ಬೈಕಿನಲ್ಲಿ ಇಬ್ಬರ ನಡುವೆ ಇಟ್ಟುಕೊಂಡು ಹನ್ನೆರಡು ಕಿಲೋಮೀಟರ್. ದಾರಿಯಲ್ಲಿ ಎರಡು ಊರಲ್ಲಿ ನಿಲ್ಲಿಸಿ ಫೋಟೋ. ಮೈಮೇಲೆ ಇದ್ದದ್ದು ಬರೀ ಎರಡು ಹಲ್ಲಿನ ಗಾಯ. ಸಂಜೆ ಎದ್ದು ನಿಂತಿತು, ನಾಲ್ಕು ಎಲೆ ತಿಂದಿತು. ಎಲ್ಲರಿಗೂ ಖುಷಿ. ಮರುದಿನ ಹಿಂಗಾಲು ಸೆಟೆದವು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಮೂರನೇ ದಿನ ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ತೊಡೆಯ ಸ್ನಾಯು ಬೇಯಿಸಿದ ಮಾಂಸದಂತೆ ಬೆಳ್ಳಗಾಗಿತ್ತು. ವಿಪರೀತ ಓಟ ಮತ್ತು ಭಯದಿಂದ ಸ್ನಾಯುಗಳೇ ಒಡೆದು, ಆ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುವ ಕಾಯಿಲೆ ಇದು. ಇದನ್ನು ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ಒಮ್ಮೆ ಶುರುವಾದರೆ ಉಳಿಸುವುದು ಬಹಳ ಕಷ್ಟ. ಅದಕ್ಕೇ ಚಿಗರಿಯನ್ನು ಅಟ್ಟಿ ಹಿಡಿಯಬಾರದು. ಹಿಡಿಯಲೇಬೇಕಾದರೆ ಕಣ್ಣಿಗೆ ಬಟ್ಟೆ, ಮೌನ, ನೆರಳು, ಇಬ್ಬರೇ ಜನ. ಆ ಹುಡುಗರು ಒಳ್ಳೆಯವರು. ಅವರಲ್ಲಿ ಒಬ್ಬ ನನ್ನ ಮುಂದೆ ಅತ್ತ. ಅವನಿಗೆ ಮೊದಲೇ ಅರ್ಧ ಗಂಟೆ ಯಾರಾದರೂ ಇದನ್ನು ಹೇಳಿದ್ದರೆ ಆ ಪ್ರಾಣಿ ಬಹುಶಃ ಉಳಿಯುತ್ತಿತ್ತು.

ನವಿಲಿನ ಮೊಟ್ಟೆಯನ್ನು ಕೋಳಿಯ ಕೆಳಗೆ ಇಟ್ಟಿದ್ದಿರೋ ಏನೋ, ಪತ್ರದಲ್ಲಿ ಬರೆದಿಲ್ಲ. ಬಹಳ ಜನ ಹಾಗೆ ಮಾಡುತ್ತಾರೆ. ಮರಿ ಹೊರಗೆ ಬರುತ್ತವೆ, ಆದರೆ ಕೋಳಿಯನ್ನೇ ತಾಯಿ ಅಂದುಕೊಂಡು ಬೆಳೆಯುತ್ತವೆ, ನಾಯಿಗೆ ಹೆದರುವುದಿಲ್ಲ, ಕೋಳಿಯ ರೋಗ ಅಂಟಿಸಿಕೊಳ್ಳುತ್ತವೆ. ಕಳೆ ತೆಗೆಯುವಾಗ ಗೂಡು ಕಂಡರೆ ಸುತ್ತ ಒಂದಿಷ್ಟು ಜಾಗ ಕಳೆ ಸಮೇತ ಬಿಟ್ಟುಬಿಡಿ. ಕಾವು ಸುಮಾರು 28 ದಿನ, ಅಷ್ಟೇ.

ಇಷ್ಟನ್ನೂ ಯಾಕೆ ಹೇಳಿದೆ ಅಂದರೆ, ತರಬೇತಿ ಅಂದ ಕೂಡಲೇ ಹುಡುಗರ ಕಣ್ಣ ಮುಂದೆ ಬರುವುದು ಹಾಲಿನ ಬಾಟಲಿ, ಪಂಜರ, ಶೆಡ್ಡು. ನನ್ನ ಅನುಭವದಲ್ಲಿ ಕಲಿಕೆ ಅಲ್ಲಿಂದ ಶುರುವಾಗಬಾರದು. ಯಾವುದನ್ನು ಎತ್ತಬಾರದು ಅನ್ನುವುದು ಮೊದಲ ಪಾಠ. ಊರಿನಿಂದ ಫೋನ್ ಬಂದಾಗ ಐದು ಪ್ರಶ್ನೆ ಕೇಳಿ, ಮರಿ ನಿಜವಾಗಿ ಅನಾಥವೋ ಅಲ್ಲವೋ ಅಂತ ಹೇಳಬಲ್ಲ ಒಬ್ಬ ಹುಡುಗ ಹತ್ತು ಪಂಜರಕ್ಕಿಂತ ಹೆಚ್ಚು ಜೀವ ಉಳಿಸುತ್ತಾನೆ.

ಶೆಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈಗ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಸರ್ಕಾರದ ಆಸ್ತಿ. ಅದನ್ನು ಇಟ್ಟುಕೊಳ್ಳಲು ಅನುಮತಿ ಬೇಕು. ಆರೈಕೆ ಕೇಂದ್ರ ನಡೆಸಲು ಇಲಾಖೆಯ ಒಪ್ಪಿಗೆ ಮಾತ್ರ ಸಾಲದು, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯೂ ಬೇಕಾಗುತ್ತದೆ. ಕಾನೂನನ್ನು ಪಕ್ಕಕ್ಕಿಟ್ಟರೂ ತಗಡಿನ ಶೆಡ್ಡು ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ. ಪಕ್ಕದಲ್ಲಿ ಕೋಳಿ, ನಾಯಿ, ಮನೆಯ ಬೆಕ್ಕು. ಒಂದರ ರೋಗ ಇನ್ನೊಂದಕ್ಕೆ. ಎಲ್ಲಕ್ಕಿಂತ ಕಷ್ಟದ್ದು, ಮನೆಯಲ್ಲಿ ಸಾಕಿದ ಪ್ರಾಣಿ ಕಾಡಿಗೆ ಹೋಗಲಾರದು. ಒಂದು ಹಳ್ಳಿಯಲ್ಲಿ ಮನೆಯವರು ಪ್ರೀತಿಯಿಂದ ಬೆಳೆಸಿದ ಗಂಡು ಚಿಗರಿಯನ್ನು ನೋಡಿದ್ದೇನೆ. ಮರಿಯಾಗಿದ್ದಾಗ ಮಕ್ಕಳ ಜೊತೆ ರೊಟ್ಟಿ ತಿನ್ನುತ್ತಿತ್ತು. ಕೊಂಬು ಬೆಳೆದು ಬೆದೆಯ ಕಾಲ ಬಂದಾಗ ಅದು ಮನುಷ್ಯರನ್ನೇ ಎದುರಾಳಿ ಗಂಡು ಅಂದುಕೊಂಡಿತು. ಮನೆಯ ಯಜಮಾನನ ತೊಡೆಗೆ ಹನ್ನೊಂದು ಹೊಲಿಗೆ ಬಿದ್ದವು. ಆಮೇಲೆ ಆ ಪ್ರಾಣಿ ಬೇಲಿಯ ಒಳಗೇ ಬಾಳು ಕಳೆಯಬೇಕಾಯಿತು.

ಹಾಗಾದರೆ ಹತ್ತು ಹುಡುಗರು ಏನು ಮಾಡಬೇಕು? ನಾನಾದರೆ ಇವರನ್ನು ಊರಿನ ಮೊದಲ ನೆರವಿನ ತಂಡ ಮಾಡುತ್ತೇನೆ. ಶೆಡ್ಡು ಇಲ್ಲ, ಪಂಜರ ಇಲ್ಲ. ನಿಮ್ಮ ವಲಯ ಅರಣ್ಯಾಧಿಕಾರಿಗೆ ಒಂದು ಅರ್ಜಿ ಕೊಟ್ಟು, ಹುಡುಗರ ಹೆಸರು, ಫೋನ್ ನಂಬರ್ ಬರೆಸಿ. ಇಲಾಖೆಯವರ ಗಮನಕ್ಕೆ ತಂದು ಮಾಡಿದ ಕೆಲಸಕ್ಕೂ ಕದ್ದು ಮಾಡಿದ ಕೆಲಸಕ್ಕೂ ಭೂಮಿ ಆಕಾಶದ ಅಂತರ. ಮೊದಲ ತಿಂಗಳು ಯಾರೂ ಕಾಡುಪ್ರಾಣಿಯನ್ನು ಮುಟ್ಟುವುದು ಬೇಡ. ಮನೆಯ ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದನ್ನು ಕಲಿಯಲಿ. ಎದೆಯನ್ನು ಒತ್ತಬಾರದು, ಒತ್ತಿದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲ, ಕೋಳಿಯ ಮೇಲೇ ಅದು ಕೈಗೆ ಗೊತ್ತಾಗಲಿ. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ತೂತು ಹಾಕುವುದು, ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಇಡುವುದು, ಬೇಡವೆನಿಸಿದರೆ ಮರಿ ಆಚೆ ಸರಿಯಲು ಜಾಗ ಬಿಡುವುದು. ಗ್ರಾಂ ತೋರಿಸುವ ತಕ್ಕಡಿ ಒಂದು ಇರಲಿ. ಒಂದು ನೋಟ್‌ಬುಕ್ ಇರಲಿ: ಯಾವ ದಿನ, ಯಾವ ಹೊತ್ತು, ಯಾರ ಹೊಲದ ಯಾವ ಮೂಲೆ, ಯಾರು ನೋಡಿದರು, ಏನಾದರೂ ತಿನ್ನಿಸಿದ್ದಾರಾ. ಜನ ಇದನ್ನು ಸುಮ್ನೆ ಕಾಗದದ ಕೆಲಸ ಅಂದುಕೊಳ್ಳುತ್ತಾರೆ. ಗುಣವಾದ ಪ್ರಾಣಿಯನ್ನು ಎಲ್ಲಿ ಬಿಡಬೇಕು ಅನ್ನುವುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಹತ್ತೂ ಜನರ ಕೈಗೆ ಪ್ರಾಣಿ ಹಿಡಿಸುವ ಅಗತ್ಯ ಇಲ್ಲ. ಇಬ್ಬರು ಹಿಡಿಯಲಿ. ಒಬ್ಬ ಫೋನ್ ನೋಡಿಕೊಳ್ಳಲಿ. ನಾಲ್ಕು ಜನ ಗುಂಪನ್ನು, ನಾಯಿಗಳನ್ನು ದೂರ ಸರಿಸಲಿ, ಮೊಬೈಲ್ ಎತ್ತಿದವರಿಗೆ ಬೇಡ ಅಣ್ಣಾ ಅನ್ನಲಿ. ಕಟಾವಿಗೆ ಮೊದಲು ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನ (ಮೇಸ್ತ್ರಿಯ) ಹತ್ತಿರ ಹೋಗಿ, ಮರಿ ಕಂಡರೆ ಆ ನಾಲ್ಕು ಸಾಲು ನಾಳೆ ಕಡಿಯಿರಿ, ನಮಗೆ ಫೋನ್ ಮಾಡಿ ಅಂತ ಹೇಳಿ ಬರುವವನೇ ನನ್ನ ಲೆಕ್ಕದಲ್ಲಿ ತಂಡದ ದೊಡ್ಡ ಆಳು. ಹಾವಿನ ಕೆಲಸ ಬೇರೆ, ಅದನ್ನು ಇದಕ್ಕೆ ಸೇರಿಸಬೇಡಿ.

ಹುಡುಗರ ಜೀವದ ವಿಷಯವೂ ಇದೆ. ನರಿ, ಮುಂಗುಸಿ, ಕಾಡುಬೆಕ್ಕು ಯಾವುದಕ್ಕೂ ಹುಚ್ಚುನಾಯಿ ರೋಗ ಇರಬಹುದು. ಹಗಲಲ್ಲೇ ಊರೊಳಗೆ ಬಂದು ಹೆದರದೆ ನಿಂತ ನರಿ ಸಾಧುವಾದ ನರಿಯಲ್ಲ, ರೋಗದ ನರಿ ಇರಬಹುದು. ಸಸ್ತನಿಗಳನ್ನು ಹಿಡಿಯುವ ಇಬ್ಬರಿಗೂ ರೇಬಿಸ್ ಲಸಿಕೆಯನ್ನು ಮುಂಚಿತವಾಗಿಯೇ ಕೊಡಿಸಿ. ಡಾಕ್ಟರರನ್ನು ಕೇಳಿದರೆ ಯಾವ ಯಾವ ದಿನ ಅಂತ ಹೇಳುತ್ತಾರೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಲಸಿಕೆ ಮೊದಲೇ ಆಗಿದ್ದರೂ ಹೋಗಬೇಕು. ನಿಮಗೂ ಇದೇ ಮಾತು. ಹದಿನೆಂಟು ದಿನದಲ್ಲಿ ಆ ಮರಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಹಲ್ಲು, ಉಗುರು ತಾಗಿಸಿದ್ದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಔಷಧದ ತಂಟೆಗೆ ಹುಡುಗರು ಹೋಗಬಾರದು. ನಮ್ಮ ಮನೆಯ ಪ್ಯಾರಾಸಿಟಮಾಲ್ ಬೆಕ್ಕಿನ ಜಾತಿಗೆ ವಿಷ. ದನಗಳಿಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದ್ದು, ಆ ಔಷಧ ಕೊಟ್ಟ ಮೇಲೆ ಸತ್ತ ದನ ತಿಂದ ರಣಹದ್ದುಗಳು ಸಾಲುಸಾಲಾಗಿ ಸತ್ತವು ಅಂತಲೇ. ಇದು ನನ್ನ ವೃತ್ತಿಯವರಿಗೂ ಹೇಳುವ ಮಾತು. ದನಕ್ಕೆ ಕೊಟ್ಟು ರೂಢಿಯಾದ ಕೈ ಹಕ್ಕಿಗೂ ಅದೇ ಸೂಜಿ ಎತ್ತುತ್ತದೆ. ಪಶು ಆಸ್ಪತ್ರೆಯ ಡಾಕ್ಟರರಿಗೆ ಕಾಡುಪ್ರಾಣಿ ಅಭ್ಯಾಸ ಇಲ್ಲದಿದ್ದರೆ, ಅವರೇ ಅನುಭವಿ ವನ್ಯಜೀವಿ ವೈದ್ಯರಿಗೆ ಫೋನ್ ಮಾಡಿ ಕೇಳುವಂತೆ ನೀವು ವಿನಂತಿಸಬಹುದು. ಅದರಲ್ಲಿ ಅವಮಾನ ಏನಿಲ್ಲ. ನಾನು ಇವತ್ತಿಗೂ ಕೇಳುತ್ತೇನೆ.

ಒಂದು ವರ್ಷ ಹೀಗೆ ನಡೆದರೆ ಹತ್ತರಲ್ಲಿ ಇಬ್ಬರು ಮೂವರು ಉಳಿಯುತ್ತಾರೆ. ಬೇರೆಯವರು ಬೇಸತ್ತು ಬಿಟ್ಟುಹೋಗುವುದು ಸಹಜ. ಉಳಿದವರನ್ನು ಮುಂದಿನ ಕಲಿಕೆಗೆ ಕಳಿಸಿ. ಪುಣೆಯ ರೆಸ್ಕ್ಯೂ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ವನ್ಯಜೀವಿ ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಬೆಂಗಳೂರಿನ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ನಿಮಗೆ ಪುಣೆಯೇ ಹತ್ತಿರ. ಪತ್ರ ಬರೆದು ಸ್ವಯಂಸೇವಕರಾಗಿ ಬರಬಹುದಾ ಅಂತ ಕೇಳಿ. ಅಲ್ಲಿಗೆ ಹೋದವರು ಮೊದಲ ವಾರ ಪಂಜರ ತೊಳೆಯಬೇಕು, ಇಲಿ ಕತ್ತರಿಸಬೇಕು, ತೂಕ ಬರೆಯಬೇಕು. ಅದೇ ಕಲಿಕೆ. ಹತ್ತಿರದಲ್ಲಿ ಬೇಕೆಂದರೆ ಬೆಳಗಾವಿಯ ಭೂತರಾಮನಹಟ್ಟಿಯ ಕಿರು ಮೃಗಾಲಯ, ಗದಗದ ಬಿಂಕದಕಟ್ಟಿ ಮೃಗಾಲಯಗಳ ವೈದ್ಯರನ್ನು ಭೇಟಿಯಾಗಿ. ಪ್ರಾಣಿ ಸಾಕುವವರು ದೂರದಿಂದ ಹೇಗೆ ಗಮನಿಸುತ್ತಾರೆ ಅನ್ನುವುದನ್ನು ನೋಡಿದರೂ ಬಹಳ ಗೊತ್ತಾಗುತ್ತದೆ.

ಇನ್ನೊಂದನ್ನು ಹುಡುಗರಿಗೆ ಮೊದಲೇ ಹೇಳಿಬಿಡಿ. ಬಂದ ಪ್ರಾಣಿಗಳಲ್ಲಿ ಬಹಳಷ್ಟು ಸಾಯುತ್ತವೆ. ಎಲ್ಲ ಸರಿಯಾಗಿ ಮಾಡಿದರೂ ಸಾಯುತ್ತವೆ. ರೆಕ್ಕೆಯ ಕೀಲೇ ಪುಡಿಯಾದ ಹದ್ದಿಗೆ ವೈದ್ಯರು ನೋವಿಲ್ಲದ ಸಾವು ಕೊಡುವುದೂ ಆರೈಕೆಯ ಒಳಗೇ ಬರುತ್ತದೆ. ನಾನು ಪ್ರತಿ ಸಲ ಆ ಸಿರಿಂಜು ತುಂಬುವಾಗ ಕೈ ಭಾರವಾಗುತ್ತದೆ, ಈಗಲೂ.

ಈಗ ನಿಮ್ಮ ಮನೆಯ ಮರಿ. ಕಾಯ್ದೆಯ 39ನೇ ಕಲಮಿನ ಪ್ರಕಾರ ಕಾಡುಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಆ ಗಡುವು ಮುಗಿದಿದೆ. ಆದರೆ ಹತ್ತೊಂಬತ್ತನೇ ದಿನ ತಿಳಿಸುವುದು ಅರವತ್ತನೇ ದಿನ ಸಿಕ್ಕಿಬೀಳುವುದಕ್ಕಿಂತ ಎಷ್ಟೋ ವಾಸಿ. ಕೇಸು ಆಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ, ಆ ಅಧಿಕಾರ ನನಗಿಲ್ಲ. ನನ್ನ ಕಣ್ಣ ಮುಂದೆ ಹೀಗೆ ತಾವಾಗಿ ತಂದುಕೊಟ್ಟವರನ್ನು ಅಧಿಕಾರಿಗಳು ಕೂರಿಸಿ ವಿವರ ಬರೆಸಿಕೊಂಡು ಕಳಿಸಿದ್ದಾರೆ. ತೊಂದರೆಗೆ ಸಿಕ್ಕವರು ಬಚ್ಚಿಟ್ಟವರು, ಮಾರಲು ನೋಡಿದವರು. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಅಥವಾ ನೇರವಾಗಿ ವಲಯ ಕಚೇರಿಗೆ ಹೋಗಿ. ಕಾಕಾನನ್ನೂ ಕರೆದುಕೊಂಡು ಹೋಗಿ. ನಡೆದದ್ದನ್ನು ನಡೆದ ಹಾಗೇ ಹೇಳಿ, ಸತ್ತ ಎರಡು ಮರಿಗಳ ವಿಷಯವನ್ನೂ ಸೇರಿಸಿ.

ಹದಿನೆಂಟು ದಿನವಾದ್ದರಿಂದ ತಾಯಿಗೆ ಸೇರಿಸುವ ಹೊತ್ತು ಮೀರಿದೆ. ಆದರೆ ಮರಿಗೆ ಇನ್ನೂ ತಿಂಗಳ ಆಸುಪಾಸು. ಮನುಷ್ಯರ ಒಡನಾಟ ಕಡಿಮೆ ಮಾಡಿ, ಬೇಟೆ ಕಲಿಸಿ ಬೆಳೆಸಿದರೆ ಮುಂದೆ ಹೊಲಕ್ಕೆ ಮರಳುವ ಅವಕಾಶ ಇದೆ. ದಿನ ಹೋದಂತೆ ಅದು ಕಡಿಮೆಯಾಗುತ್ತದೆ. ನೀವು ಹಸ್ತಾಂತರ ಮಾಡುವವರೆಗೆ ಹೀಗೆ ಮಾಡಿ: ಎಮ್ಮೆ ಹಾಲು ನಿಲ್ಲಿಸಿ. ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬಾಗಲಕೋಟೆ, ಬೆಳಗಾವಿಯ ಸಾಕುಪ್ರಾಣಿ ಅಂಗಡಿಗಳಲ್ಲಿ ಕೇಳಿ. ಒಬ್ಬರೇ ತಿನ್ನಿಸಿ, ಉಳಿದವರು ನೋಡಲೂ ಹೋಗಬೇಡಿ. ಮನೆಯ ಬೆಕ್ಕು ಹತ್ತಿರ ಬರಬಾರದು, ಅದರಿಂದ ಅಂಟುವ ಭೇದಿ ರೋಗ ಈ ಮರಿಯನ್ನು ಎರಡು ದಿನದಲ್ಲಿ ಕೊಲ್ಲಬಹುದು. ಮಕ್ಕಳು ಈಗಾಗಲೇ ಹೆಸರಿಟ್ಟಿರುತ್ತಾರೆ, ಗೊತ್ತು. ಆ ಹೆಸರು ಹಿಡಿದು ಕರೆಯುವುದನ್ನು ಇವತ್ತಿನಿಂದ ಬಿಡಲಿ. ಕರೆದರೆ ಓಡಿಬರುವ ಕಾಡುಬೆಕ್ಕು ಮುಂದೆ ಯಾವುದೋ ಮನೆಯ ಅಂಗಳಕ್ಕೆ ಹೋಗಿ ನಿಂತು ಬಡಿಗೆ ಏಟು ತಿನ್ನುತ್ತದೆ.

ವಲಯ ಕಚೇರಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಸಿಕ್ಕ ದಿನಾಂಕ, ಕಾಕಾನ ಹೊಲದ ಸರ್ವೆ ನಂಬರ್, ಹೊಲದ ಯಾವ ಬದಿ, ಪಕ್ಕದ ಹಳ್ಳ ಎಷ್ಟು ದೂರ. ಮರಿ ಬದುಕಿ ಬೆಳೆದರೆ ಅದನ್ನು ಬಿಡಲು ಬರುವವರಿಗೆ ಆ ಚೀಟಿ ಬೇಕಾಗುತ್ತದೆ.